ಟಿಕೆಟ್ ಹರಿದಾಯ್ತು... ಪಿಕ್ಚರ್ ಎಲ್ಲಿ ಸ್ವಾಮಿ?

“ನನ್ನ ಎರಡು ಸಾವಿರ ಎಂತಾಯ್ತು ಮಾರಾಯಾ?”

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್. ಕಾರ್ಕಳದ ಬಸ್ಸಿಗೆ ಕಾಯುತ್ತಾ, ಅಂಗಡಿಯ ಹಗ್ಗಕ್ಕೆ ನೇತುಬಿಟ್ಟ ಪತ್ರಿಕೆಗಳ ಮುಖಪುಟದ ಚೆಲುವೆಯರನ್ನು ನೋಡುತ್ತಾ ನಿಂತಿದ್ದೆ. ಬೆನ್ನ ಹಿಂದಿನಿಂದ ಬಂತು ಈ ಡೈಲಾಗು! ತಿರುಗಿ ನೋಡುವ ಮೊದಲೇ ಗೊತ್ತಾಯಿತು, ಯಾರೆಂದು. ಕಾಪುವಿನ ಗೆಳೆಯ. ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕಲ್ಪನಾ ಟಾಕೀಸಿನ ಮುಂದಿನ ಸಾಲಿನಲ್ಲಿ ನನ್ನೊಟ್ಟಿಗೆ ಶಿಳ್ಳೆ ಹೊಡೆದವನು.

ನಾನು ಏನು ಮಾಡಿದೆ ಗೊತ್ತೇ? ಕೇಳಿಸದವನ ಹಾಗೆ, ಎದುರಿಗೆ ಬಂದು ನಿಂತ ಮೊದಲ ಬಸ್ಸು ಹತ್ತಿಬಿಟ್ಟೆ. ಅದು ಕುಂದಾಪುರದ ಬಸ್ಸು! ಸಂತೆಕಟ್ಟೆಯಲ್ಲಿ ಇಳಿದು, ಬೆವರು ಒರೆಸಿಕೊಂಡು, ವಾಪಸು ಬಂದೆ. ಕಾರ್ಕಳದ ಬಸ್ಸು ಹೋಗಿಯಾಗಿತ್ತು.

ಓದುಗ ಮಿತ್ರರೇ, ಈ ಕಥೆಯಲ್ಲಿ ವಿಲನ್ ನಾನಲ್ಲ. ಆದರೆ ಆ ಸೀನಿನಲ್ಲಿ ಓಡಿಹೋದವನು ಮಾತ್ರ ನಾನೇ. ಪೂರಾ ಹೇಳಿಬಿಡುತ್ತೇನೆ, ತೀರ್ಪು ನಿಮ್ಮದು.

ಫ್ಲ್ಯಾಷ್ ಬ್ಯಾಕ್: ಮಣಿಪಾಲದ ಒಂದು ರೂಮು

2018ನೇ ಇಸವಿ. ಮಣಿಪಾಲದ ಟೈಗರ್ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ಬಾಡಿಗೆಯ ರೂಮು. ನಾಲ್ಕು ಜನ ಹುಡುಗರು. ಕಾಲೇಜು ಆಗಷ್ಟೇ ಮುಗಿಸಿದವರು, ತಲೆ ತುಂಬಾ ಕನಸು. ಅವರು ಮಾಡಹೊರಟದ್ದು ಸಿನಿಮಾ ಅಲ್ಲ, ವಿಡಿಯೋ ಗೇಮ್! ಅದೂ ಎಂಥದ್ದು? ನಮ್ಮ ಕಂಬಳದ ಆಟ! ಮೊಬೈಲಿನಲ್ಲಿ ನೀವೇ ಕೋಣ ಓಡಿಸುವುದು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ, ಎಲ್ಲ ವಿಭಾಗವೂ ಉಂಟು. ಕಟಪಾಡಿ ಕಂಬಳ, ಕಾರ್ಕಳದ ಹತ್ತಿರದ ಮಿಯಾರು ಕಂಬಳ, ಹೀಗೆ ಒಂದೊಂದು ಕರೆಯೂ ಒಂದೊಂದು ಹಂತ.

ನಲವತ್ತು ಸೆಕೆಂಡಿನ ಒಂದು ತುಣುಕು ತೋರಿಸಿದರು. ಕೆಸರು ನೀರು ಆಳೆತ್ತರ ಚಿಮ್ಮುತ್ತದೆ, ಕೋಣಗಳ ಬೆನ್ನು ಫಳಫಳ ಹೊಳೆಯುತ್ತದೆ, ಹಿಂದಿನಿಂದ ಓಟಗಾರ ಹಾರಿ ಬರುತ್ತಾನೆ... ಅಬ್ಬಬ್ಬಾ! ನನಗೆ ಮೈ ಜುಮ್ಮೆಂದಿತು. ಟ್ರೈಲರ್ ನೋಡಿ ಮರುಳಾಗುವ ರೋಗ ನಮಗೆ ಹುಟ್ಟಿನಿಂದಲೇ ಬಂದದ್ದಲ್ಲವೇ?

“ದುಡ್ಡು ಯಾರು ಹಾಕ್ತಾರೆ?” ಎಂದೆ.

“ಜನರೇ ಹಾಕ್ತಾರೆ ಅಣ್ಣಾ. ಕ್ರೌಡ್ ಫಂಡಿಂಗ್. ಈಗ ಎರಡು ಸಾವಿರ ಕೊಟ್ಟರೆ ಆಟ ಬಂದ ದಿನ ಮೊದಲ ಕಾಪಿ, ಒಂದು ಟೀ ಶರ್ಟು, ಆಟದಲ್ಲಿ ಅವರ ಹೆಸರು. ಮುಂದಿನ ದೀಪಾವಳಿಗೆ ರಿಲೀಸ್!”

ಆಮೇಲೆ ನನ್ನ ಕಡೆ ತಿರುಗಿ ಒಬ್ಬ ಹೇಳಿದ: “ನೀವು ಸಿನಿಮಾ ಪತ್ರಿಕೆಗೆ ಬರೆಯುವವರು. ನಮ್ಮ ಆಟಕ್ಕೆ ಕಾಮೆಂಟ್ರಿ ಬರೆದುಕೊಡಿ. ಟೈಟಲ್ ಕಾರ್ಡಿನಲ್ಲಿ ‘ಸಂಭಾಷಣೆ’ ಅಂತ ನಿಮ್ಮ ಹೆಸರು ಹಾಕ್ತೇವೆ.”

ಅಲ್ಲಿಗೆ ಮುಗಿಯಿತು ನೋಡಿ ನನ್ನ ಕಥೆ! ಎಷ್ಟು ವರ್ಷ ಬೇರೆಯವರ ಹೆಸರು ತೆರೆಯ ಮೇಲೆ ಓದಿದ್ದೇನೆ. ನನ್ನದೂ ಒಂದು ಬರುವುದೆಂದರೆ ಸುಮ್ಮನೆಯೇ? ನಾನು ಮೂರು ಸಾವಿರ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೇದಿತ್ತು. ಕಾಪುವಿಗೆ ಹೋಗಿ ಗೆಳೆಯನನ್ನು ಒಪ್ಪಿಸಿದೆ. ಕಾರ್ಕಳಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಊಟ ಮಾಡಿ, ಬಾಳೆಲೆ ಮಡಿಸುವ ಮೊದಲೇ ಭಾವನ ಕೈಯಿಂದ ಐದು ಸಾವಿರ ತೆಗೆದೆ. ಹೀಗೆ ಹನ್ನೊಂದು ಜನರಿಂದ ಒಟ್ಟು 21,500 ರೂಪಾಯಿ, ಎಲ್ಲ ನನ್ನ ಮುಖ ನೋಡಿ ಕೊಟ್ಟದ್ದು.

ಮೊದಲ ಮೂರು ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಹಬ್ಬವೇ ಹಬ್ಬ. ದಿನಕ್ಕೊಂದು ಚಿತ್ರ, ವಾರಕ್ಕೊಂದು ಹೊಸ ಘೋಷಣೆ. ತುಳು ಕಾಮೆಂಟ್ರಿಯೂ ಇರುತ್ತದೆ! ರಾತ್ರಿ ಕಂಬಳವೂ ಇರುತ್ತದೆ! ಹತ್ತು ಜೋಡಿ ಇದ್ದದ್ದು ಈಗ ಇಪ್ಪತ್ತು ಜೋಡಿ! ನಾವೂ ಚಪ್ಪಾಳೆ ತಟ್ಟಿದೆವು. ಆಮೇಲೆ ವಾರಕ್ಕೊಂದು ಬರುತ್ತಿದ್ದದ್ದು ತಿಂಗಳಿಗೊಂದಾಯಿತು. ದೀಪಾವಳಿ ಬಂತು, ಟೀ ಶರ್ಟು ಬಂತು, ಆಟ ಬರಲಿಲ್ಲ. “ಯುಗಾದಿಗೆ ಖಂಡಿತ” ಎಂದರು. ಯುಗಾದಿ ಕಳೆದ ಮೇಲೆ ಗುಂಪು ಮೌನ. ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದನಂತೆ, ಇನ್ನೊಬ್ಬ ದುಬೈಗಂತೆ. ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ.

ಅಂದಿನಿಂದ ನಾನು ಕಾಪುವಿಗೆ ಹೋಗುವುದು ಬಿಟ್ಟೆ. ಕಾರ್ಕಳಕ್ಕೆ ಹೋದರೂ ಕೆಲಸ ಮುಗಿಸಿ, ಅಕ್ಕನ ಮನೆಯ ದಾರಿ ತಪ್ಪಿಸಿ ಬರುವವನಾದೆ. ಏಳು ವರ್ಷ!

ಸಾಗರದಾಚೆಯ ಮಹಾಮಹಿಮರು

ಮಣಿಪಾಲದ ಹುಡುಗರು ಹೀಗೆ ಮಾಡಿದರು ಅಂತ ಬೈಯ್ಯುವ ಮೊದಲು ಸ್ವಲ್ಪ ಹಾಲಿವುಡ್ ಕಡೆ ನೋಡೋಣ. ಅಲ್ಲಿಯ ದೊಡ್ಡ ದೊಡ್ಡ ಕುಳಗಳೇ ಇದೇ ಕೆಸರಿನಲ್ಲಿ ಜಾರಿದ್ದಾರೆ.

ಕಿಕ್‌ಸ್ಟಾರ್ಟರ್ ಎಂಬ ಅಮೆರಿಕದ ಕಂಪನಿ 2009ರಲ್ಲಿ ಶುರುವಾಯಿತು. ಹೊಸದೇನಾದರೂ ಮಾಡುವವರು ಅಲ್ಲಿ ತಮ್ಮ ಯೋಜನೆ ಹೇಳಿಕೊಳ್ಳುವುದು, ಇಷ್ಟವಾದವರು ಮುಂಗಡ ಕಳಿಸುವುದು. 2012ರಲ್ಲಿ ಟಿಮ್ ಶೇಫರ್ ಎಂಬ ಹೆಸರಾಂತ ಆಟಗಾರಿಕೆಯ ನಿರ್ದೇಶಕ ಅಲ್ಲಿಗೆ ಬಂದು 4 ಲಕ್ಷ ಡಾಲರ್ ಕೇಳಿದ. ಅದರಲ್ಲಿ 3 ಲಕ್ಷ ಆಟಕ್ಕೆ, 1 ಲಕ್ಷ ಆ ಆಟ ತಯಾರಾಗುವುದನ್ನೇ ಸಾಕ್ಷ್ಯಚಿತ್ರ ಮಾಡಲಿಕ್ಕೆ. ಜನ ಕೊಟ್ಟದ್ದೆಷ್ಟು? 33 ಲಕ್ಷ ಡಾಲರ್! 87 ಸಾವಿರ ಜನ! ಕೇಳಿದ್ದಕ್ಕಿಂತ ಎಂಟು ಪಟ್ಟು. ‘ಬ್ರೋಕನ್ ಏಜ್’ ಎಂದು ಹೆಸರಿಟ್ಟರು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರದ ನಾಯಕ ಎಲೈಜಾ ವುಡ್ ಕಂಠದಾನ ಮಾಡಿದ. ದುಡ್ಡು ಹೆಚ್ಚಾದ ಹಾಗೆ ಕನಸೂ ಹಿಗ್ಗಿತು. 2013ರಲ್ಲಿ ನೋಡಿದರೆ ಪೆಟ್ಟಿಗೆ ಸಾಲದು! ಕಡೆಗೆ ಆಟವನ್ನು ಎರಡು ತುಂಡು ಮಾಡಿ, 2014ರ ಜನವರಿಯಲ್ಲಿ ಮೊದಲರ್ಧ ಬಿಟ್ಟು, ಅದು ಮಾರಿದ ದುಡ್ಡನ್ನೂ ಸೇರಿಸಿ 2015ರ ಏಪ್ರಿಲಿನಲ್ಲಿ ಉತ್ತರಾರ್ಧ ಮುಗಿಸಿದರು. ಇಂಟರ್ವಲ್ಲಿಗೆ ಹದಿನೈದು ತಿಂಗಳು!

ಜಪಾನಿನ ಕೇಜಿ ಇನಾಫುನೆ, ‘ಮೆಗಾಮ್ಯಾನ್’ ಆಟದಿಂದ ಮನೆಮಾತಾದವನು. 2013ರಲ್ಲಿ ‘ಮೈಟಿ ನಂಬರ್ 9’ ಆಟಕ್ಕೆ 9 ಲಕ್ಷ ಡಾಲರ್ ಕೇಳಿದ, 38 ಲಕ್ಷ ಬಂತು. ದುಡ್ಡು ಏರಿದ ಹಾಗೆ ಇನ್ನೊಂದು ಯಂತ್ರಕ್ಕೂ ಕೊಡ್ತೇನೆ, ಮತ್ತೊಂದಕ್ಕೂ ಕೊಡ್ತೇನೆ ಎಂದು ಹತ್ತು ಬಗೆಯ ಯಂತ್ರಗಳಿಗೆ ಮಾತು ಕೊಟ್ಟ. 2015ರ ಏಪ್ರಿಲಿಗೆ ಎಂದದ್ದು ಮುಂದೆ ಮುಂದೆ ಹೋಗಿ 2016ರ ಜೂನಿನಲ್ಲಿ ಬಂತು. ಬಂದದ್ದು ನೋಡಿ ಅಭಿಮಾನಿಗಳ ಮುಖ ಬಾಡಿತು. ಮೊದಲ ದಿನ ಮೊದಲ ಆಟಕ್ಕೆ ಹಾರ ಹಿಡಿದು ಹೋಗಿ, ಇಂಟರ್ವಲ್ಲಿನಲ್ಲೇ ಎದ್ದು ಬಂದ ಅನುಭವ ನಿಮಗಿಲ್ಲವೇ? ಅದೇ.

ಇನ್ನು ಎಲ್ಲರಿಗೂ ತಾತ ಕ್ರಿಸ್ ರಾಬರ್ಟ್ಸ್. ಈತ ಸಿನಿಮಾ ನಿರ್ದೇಶಕನೂ ಹೌದು. ತನ್ನದೇ ಆಟವನ್ನು 1999ರಲ್ಲಿ ‘ವಿಂಗ್ ಕಮಾಂಡರ್’ ಎಂದು ಚಿತ್ರ ಮಾಡಿ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿದವನು. 2012ರಲ್ಲಿ ‘ಸ್ಟಾರ್ ಸಿಟಿಜನ್’ ಎಂಬ ಅಂತರಿಕ್ಷದ ಆಟಕ್ಕೆ ಜನರ ಮುಂದೆ ಕೈಯೊಡ್ಡಿದ. ಒಂದೇ ತಿಂಗಳ ಆಸುಪಾಸಿನಲ್ಲಿ 62 ಲಕ್ಷ ಡಾಲರ್! 2014ಕ್ಕೆ ಆಟ ಕೈಗೆ ಎಂದಿದ್ದ. 2024ರಲ್ಲಿ ಜನ ಕೊಟ್ಟ ಒಟ್ಟು ಹಣ 70 ಕೋಟಿ ಡಾಲರ್ ದಾಟಿತು. ಆದರೆ ಪೂರ್ಣ ಆಟ ಆಗಲೂ ಬಿಡುಗಡೆಯಾಗಿರಲಿಲ್ಲ! ದುಡ್ಡು ಕೊಟ್ಟವರು ಅರೆಬೆಂದ ರೂಪದಲ್ಲಿ ಆಡುತ್ತಾ ಕಾದರು. ಅದರ ಜೊತೆಯ ‘ಸ್ಕ್ವಾಡ್ರನ್ 42’ ಆಟಕ್ಕೆ ತಾರಾಗಣ ನೋಡಿ: ಮಾರ್ಕ್ ಹ್ಯಾಮಿಲ್, ಗ್ಯಾರಿ ಓಲ್ಡ್‌ಮನ್, ಜಿಲಿಯನ್ ಆಂಡರ್ಸನ್, ಸೂಪರ್‌ಮ್ಯಾನ್ ಹೆನ್ರಿ ಕಾವಿಲ್! ಮುಹೂರ್ತಕ್ಕೆ ಬಂದ ತಾರೆಯರು ಮುದುಕರಾದರೂ ಕುಂಬಳಕಾಯಿ ಒಡೆಯುವ ದಿನ ಬರಲಿಲ್ಲ ಅಂತ ಜನ ತಮಾಷೆ ಮಾಡಿದರೆ ತಪ್ಪೇ?

ಹಾಗಂತ ಎಲ್ಲರೂ ಟೋಪಿ ಹಾಕುವವರೇ ಎಂದುಕೊಳ್ಳಬೇಡಿ. 2015ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಲೆಕ್ಕ ಹಾಕಿತು. ಕಿಕ್‌ಸ್ಟಾರ್ಟರಿನಲ್ಲಿ ದುಡ್ಡು ಕೂಡಿಬಂದ ಯೋಜನೆಗಳಲ್ಲಿ ಕೊಟ್ಟ ಮಾತಿನ ವಸ್ತು ತಲುಪಿಸದೇ ಹೋದದ್ದು ನೂರಕ್ಕೆ 9. ನಮ್ಮಲ್ಲಿ ಮುಹೂರ್ತವಾದ ಚಿತ್ರಗಳಲ್ಲಿ ಡಬ್ಬದಲ್ಲೇ ಉಳಿದವು ಎಷ್ಟು ಎಂದು ಗಾಂಧಿನಗರದಲ್ಲಿ ಕೇಳಿ ನೋಡಿ, ಆಮೇಲೆ ಮಾತಾಡೋಣ!

ದುಡ್ಡು ಎಲ್ಲಿ ಸೋರುತ್ತದೆ?

ಸಿನಿಮಾ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಚಿತ್ರದಲ್ಲಿ ಅರಮನೆಯ ಸೆಟ್ ಹಾಕಿದರೆ ಕ್ಯಾಮೆರಾದ ಎದುರಿನ ಗೋಡೆ ಸಾಕು. ಹಿಂದೆ ಪ್ಲೈವುಡ್ಡು, ಮೊಳೆ. ಯಾರೂ ನೋಡುವುದಿಲ್ಲ. ಆಟದಲ್ಲಿ ಹಾಗಲ್ಲ. ಆಡುವವನು ಗೋಡೆಯ ಹಿಂದೆಯೂ ಹೋಗುತ್ತಾನೆ, ಮೇಲೆಯೂ ಹತ್ತುತ್ತಾನೆ. ನಿರ್ದೇಶಕ ‘ಆಕ್ಷನ್’ ಎಂದಾಗ ಓಡು, ‘ಕಟ್’ ಎಂದಾಗ ನಿಲ್ಲು ಎಂದರೆ ಕೇಳುವ ಹೀರೋ ಅಲ್ಲ ಅವನು! ಕಂಬಳದ ಆಟದಲ್ಲಿ ಯಾರೋ ಒಬ್ಬ ಕೋಣವನ್ನು ಹಿಂದಕ್ಕೆ ಓಡಿಸಿಯೇ ಓಡಿಸುತ್ತಾನೆ. ಅದಕ್ಕೂ ತಯಾರಿ ಬೇಕು. ಒಂದು ಜೋಡಿ ಕೋಣ ಹೆಚ್ಚು ಮಾಡಿದರೆ ಎಲ್ಲ ಕರೆಗಳಲ್ಲೂ, ಎಲ್ಲ ಮೊಬೈಲುಗಳಲ್ಲೂ ಅದನ್ನು ಓಡಿಸಿ ಪರೀಕ್ಷೆ ಮಾಡಬೇಕು. ಕೆಲಸ ಕೂಡುವುದಿಲ್ಲ ಸ್ವಾಮಿ, ಗುಣಿಸುತ್ತದೆ.

ಎರಡನೆಯದು ಸಂಬಳ. ಆಟದ ಖರ್ಚಿನಲ್ಲಿ ಹೆಚ್ಚಿನ ಪಾಲು ಜನರ ತಿಂಗಳ ಸಂಬಳವೇ. ಬಿಡುಗಡೆ ಮೂರು ತಿಂಗಳು ಮುಂದೆ ಹೋಯಿತೆಂದರೆ ಮೂರು ತಿಂಗಳ ಊಟ, ಬಾಡಿಗೆ, ಕರೆಂಟು ಬಿಲ್ಲು ಹೆಚ್ಚಾಯಿತೆಂದೇ ಅರ್ಥ. ಮೂರನೆಯದು ಬಹುಮಾನಗಳು. ಟೀ ಶರ್ಟು, ಪೋಸ್ಟರು, ಕೊರಿಯರು. ಆಟಕ್ಕೆಂದು ಬಂದ ದುಡ್ಡು ಬಟ್ಟೆ ಅಂಗಡಿಗೆ ಹೋಗುತ್ತದೆ. ನಾಲ್ಕನೆಯದೇ ದೊಡ್ಡದು: ಚಪ್ಪಾಳೆ! ಒಂದೊಂದು ಹೊಸ ಘೋಷಣೆಗೂ ನಾವು ಶಿಳ್ಳೆ ಹೊಡೆದೆವಲ್ಲ, ಆ ಒಂದೊಂದು ಶಿಳ್ಳೆಗೂ ಖರ್ಚು ಉಂಟು.

ನಮ್ಮಲ್ಲಿ ಇದೇನು ಹೊಸತೇ?

ವಂತಿಗೆ ಎತ್ತುವುದನ್ನು ನಮ್ಮ ಊರಿಗೆ ಅಮೆರಿಕದವರು ಬಂದು ಕಲಿಸಬೇಕೇ? ‘ಹತ್ತು ಸಮಸ್ತರ ಆಟ’ ಎಂದು ಊರವರೆಲ್ಲ ಸೇರಿ ಯಕ್ಷಗಾನ ಆಡಿಸುವುದನ್ನು ನಾವು ನೋಡುತ್ತಲೇ ಬೆಳೆದಿದ್ದೇವೆ. ಕೊಟ್ಟವನ ಎದುರೇ ರಂಗಸ್ಥಳ ಏಳುತ್ತದೆ, ಬೆಳಗಾಗುವುದರೊಳಗೆ ಮಂಗಳ ಹಾಡಿ ಮುಗಿಯುತ್ತದೆ. ಮೇಳ ಬರಲಿಲ್ಲವಾದರೆ ಆ ರಾತ್ರಿಯೇ ಊರಿಗೆಲ್ಲ ಗೊತ್ತು!

1925ರಲ್ಲಿ ಇದೇ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಇರಲಿ. 1928ರಲ್ಲಿ ಅವರು ಶುರು ಮಾಡಿದ ಪಿಗ್ಮಿ ನೆನಪಿದೆಯೇ? ದಿನಕ್ಕೆ ಎರಡಾಣೆ! ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ನಮ್ಮ ಅಜ್ಜಿ ಬೀಡಿ ಕಟ್ಟಿದ ದುಡ್ಡಿನಲ್ಲಿ ಪಿಗ್ಮಿ ಕಟ್ಟಿದವಳು. ಅವಳಿಗೆ ಬ್ಯಾಂಕಿನ ಕಟ್ಟಡ ಹೇಗಿದೆ ಎಂದೇ ಗೊತ್ತಿರಲಿಲ್ಲ. ಆದರೆ ಆ ಮನುಷ್ಯನ ಮುಖ ಗೊತ್ತಿತ್ತು. ಮಳೆ ಬರಲಿ, ಬಿಸಿಲು ಬರಲಿ, ಸಂಜೆಗೆ ಅವನ ಕೊಡೆ ಅಂಗಳದಲ್ಲಿ. ಪುಸ್ತಕದಲ್ಲಿ ಬರೆದು ತೋರಿಸಿಯೇ ಹೋಗುತ್ತಿದ್ದ.

ಸಿನಿಮಾಕ್ಕೆ ಬರೋಣ. 1976ರ ‘ಮಂಥನ್’ ಚಿತ್ರಕ್ಕೆ ನಿರ್ಮಾಪಕರು ಯಾರು? ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು, ತಲಾ 2 ರೂಪಾಯಿ! ಶ್ಯಾಮ್ ಬೆನಗಲ್ ನಿರ್ದೇಶನ, ನಮ್ಮ ಗಿರೀಶ್ ಕಾರ್ನಾಡ್ ನಾಯಕ, ನಮ್ಮ ಅನಂತನಾಗ್ ಕೂಡ ಇದ್ದರು. ತಾವು ದುಡ್ಡು ಹಾಕಿದ ಚಿತ್ರ ನೋಡಲು ರೈತರು ಲಾರಿಗಳಲ್ಲಿ ತುಂಬಿಕೊಂಡು ಬಂದರು. ಅದೇ ಚಿತ್ರವನ್ನು 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೊಸ ಹೊಳಪಿನಲ್ಲಿ ತೋರಿಸಿದರು.

ಮತ್ತೆ ನಮ್ಮ ಕನ್ನಡದ ‘ಲೂಸಿಯಾ’! ‘ಲೈಫು ಇಷ್ಟೇನೆ’ ಮಾಡಿದ ಪವನ್ ಕುಮಾರ್, ನಿರ್ಮಾಪಕರ ಬಾಗಿಲು ತಟ್ಟಿ ಸಾಕಾಗಿ 2012ರಲ್ಲಿ ನೇರವಾಗಿ ಜನರನ್ನೇ ಕೇಳಿದರು. ಒಂದು ತಿಂಗಳೊಳಗೆ 110 ಜನರಿಂದ ಸುಮಾರು 50 ಲಕ್ಷ ಕೂಡಿತು. ನೀನಾಸಂ ಸತೀಶ್, ಶ್ರುತಿ ಹರಿಹರನ್ ಜೋಡಿ, ಪೂರ್ಣಚಂದ್ರ ತೇಜಸ್ವಿ ಸಂಗೀತ. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ, ಸೆಪ್ಟೆಂಬರ್ 6ಕ್ಕೆ ಇಲ್ಲಿ ತೆರೆಗೆ, 2015ರಲ್ಲಿ ತಮಿಳಿಗೆ ರೀಮೇಕ್. ಕೈಗೆ ಬಂದ ದುಡ್ಡಿನ ಅಳತೆಗೆ ತಕ್ಕ ಚಿತ್ರ, ಮುಗಿಸುವ ಛಲ. ಅಷ್ಟೇ ಗುಟ್ಟು!

‘ಬ್ರೋಕನ್ ಏಜ್’ ಕಥೆಯಲ್ಲೂ ಒಂದು ಪಾಠವಿದೆ. ಅವರಿಗೂ ದುಡ್ಡು ಸಾಲಲಿಲ್ಲ, ತಡವೂ ಆಯಿತು, ಜನ ಬೈದರು. ಆದರೆ ಆ ಸಾಕ್ಷ್ಯಚಿತ್ರ ಇತ್ತಲ್ಲ? ದುಡ್ಡು ಸಾಲದೆ ತಲೆ ಮೇಲೆ ಕೈ ಹೊತ್ತು ಕೂತದ್ದನ್ನೂ ಕೊಟ್ಟವರಿಗೆ ಅದು ತೋರಿಸುತ್ತಿತ್ತು. ಬೈಯ್ಯುವವರಿಗೆ ಬೈಯ್ಯಲು ಒಂದು ಮುಖವಾದರೂ ಸಿಕ್ಕಿತು. ಕಡೆಗೆ ಆಟವೂ ಸಿಕ್ಕಿತು.

ಆದ್ದರಿಂದ ತಮ್ಮಂದಿರೇ, ನಾಳೆ ನಿಮ್ಮ ಹತ್ತಿರವೂ ಯಾರಾದರೂ ಬಂದಾರು. ಆಟಕ್ಕೆ, ಕಿರುಚಿತ್ರಕ್ಕೆ, ದೊಡ್ಡ ಚಿತ್ರಕ್ಕೆ. ಟ್ರೈಲರ್ ನೋಡಿ ಕೊಡಬೇಡಿ, ಐದು ನಿಮಿಷ ಆಡಿ ನೋಡುವಷ್ಟು ತಯಾರಿದೆಯೇ ಎಂದು ಕೇಳಿ. ದುಡ್ಡು ಸಾಲದೇ ಹೋದರೆ ಏನು ಬಿಡುತ್ತೀರಿ ಎಂದು ಕೇಳಿ. ‘ಏನೂ ಬಿಡುವುದಿಲ್ಲ’ ಎಂದವನಿಗೆ ಒಂದು ಕಾಸೂ ಬೇಡ. ಯಾರು, ಯಾವ ದಿನ ಲೆಕ್ಕ ಹೇಳುತ್ತೀರಿ ಎಂದು ಕೇಳಿ. ಇಷ್ಟಾದ ಮೇಲೂ ಹೋದರೆ ಹೋಯಿತು ಎನ್ನುವಷ್ಟನ್ನು ಮಾತ್ರ ಕೊಡಿ. ಇದು ಟಿಕೆಟ್ ಅಲ್ಲ, ನಂಬಿಕೆ. ಕೌಂಟರಿನಲ್ಲಿ ವಾಪಸು ಸಿಗುವುದಿಲ್ಲ.

ಕ್ಲೈಮ್ಯಾಕ್ಸ್

ಕುಂದಾಪುರದ ಬಸ್ಸು ಹತ್ತಿದ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ಮಣಿಪಾಲಕ್ಕೆ ಹೋದೆ. ನಾಲ್ವರಲ್ಲಿ ಒಬ್ಬ ಅಲ್ಲೇ ಕಂಪ್ಯೂಟರ್ ರಿಪೇರಿ ಕೆಲಸ ಮಾಡಿಕೊಂಡಿದ್ದ. ನನ್ನನ್ನು ಕಂಡು ಅವನ ಮುಖ ಬಿಳಿಚಿತು. ಬೈಯ್ಯಬೇಕೆಂದೇ ಹೋಗಿದ್ದೆ. ಅವನು ಏನೂ ಹೇಳದೆ ಹಳೆಯ ಲ್ಯಾಪ್‌ಟಾಪ್ ತೆಗೆದು ಎದುರಿಗಿಟ್ಟ.

ಮೊದಲಿಗೆ ಟೈಟಲ್ ಕಾರ್ಡು. ‘ಸಂಭಾಷಣೆ’ ಎಂದು ದೊಡ್ಡ ಅಕ್ಷರದಲ್ಲಿ ನನ್ನ ಹೆಸರು! ಮಾತು ಉಳಿಸಿಕೊಂಡಿದ್ದರು. ಆಮೇಲೆ ಕರೆ, ನೀರು, ಜನರ ಬೊಬ್ಬೆ. ಕೋಣಗಳು ಹೊರಟವು. ಕೆಸರು ಚಿಮ್ಮಿತು. ಏಳು ವರ್ಷದ ಕೋಪ ಮರೆತು ನಾನು ಕುರ್ಚಿಯ ತುದಿಗೆ ಬಂದೆ. ಅರ್ಧ ದಾರಿಯಲ್ಲಿ ಕೋಣಗಳು ಗಕ್ಕನೆ ನಿಂತವು. ದೂರದಲ್ಲಿ ಮಂಜೊಟ್ಟಿ ಕಾಣುತ್ತಿತ್ತು, ಬರೀ ಬಿಳಿ ಚೌಕ, ಬಣ್ಣ ಹಾಕಿರಲಿಲ್ಲ.

“ಅಲ್ಲಿಂದ ಮುಂದೆ ಆಗ್ಲಿಲ್ಲ ಅಣ್ಣಾ” ಎಂದ.

ಒಂದು ನೋಟ್‌ಬುಕ್ ಕೊಟ್ಟ. ಒಟ್ಟು ಬಂದದ್ದು 3,86,000. ಎರಡು ಕಂಪ್ಯೂಟರಿಗೆ 1,40,000. ಚಿತ್ರ ಬಿಡಿಸುವವನಿಗೆ ಮುಂಗಡ 80,000, ಅವನು ಎರಡು ಚಿತ್ರ ಕೊಟ್ಟು ಕಾಣೆ. ಟೀ ಶರ್ಟು, ಕೊರಿಯರು 62,000. ಎಂಟು ತಿಂಗಳ ಬಾಡಿಗೆ 44,000. ಊಟ, ಕರೆಂಟು, ಇಂಟರ್ನೆಟ್ 60,000. ಕೂಡಿಸಿ ನೋಡಿದೆ, ಸರಿಯಿತ್ತು. ಒಂದು ರೂಪಾಯಿಯೂ ಯಾರ ಜೇಬಿಗೂ ಹೋಗಿರಲಿಲ್ಲ.

“ಇದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ಇವತ್ತು ಹೇಳುವ, ನಾಳೆ ಹೇಳುವ ಅಂತ ದಿನ ಹೋಯ್ತು ಅಣ್ಣಾ. ಆಮೇಲೆ ನಾಚಿಕೆಯಾಯ್ತು. ನಿಮ್ಮನ್ನು ದೂರದಲ್ಲಿ ಕಂಡ್ರೆ ನಾನು ಬೇರೆ ದಾರಿ ಹಿಡೀತಿದ್ದೆ.”

ನನ್ನ ಬಾಯಿ ಕಟ್ಟಿತು. ಕುಂದಾಪುರದ ಬಸ್ಸು ಹತ್ತಿದವನು ಅವನಿಗೆ ಏನು ಹೇಳಬಲ್ಲ?

ನೋಟ್‌ಬುಕ್ಕಿನ ಆ ಪುಟವನ್ನು ಹನ್ನೊಂದು ಜೆರಾಕ್ಸ್ ಮಾಡಿಸಿದೆ. ಮೊದಲಿಗೆ ಕಾಪು. ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಗೆಳೆಯ ಕೂತು ಓದಿದ. “62 ಸಾವಿರದ ಟೀ ಶರ್ಟಾ? ಬೈಕ್ ಒರೆಸ್ಲಿಕ್ಕೆ ಒಳ್ಳೇದುಂಟು ಮಾರಾಯಾ” ಎಂದು ನಕ್ಕ. ಸ್ವಲ್ಪ ಹೊತ್ತು ಸಮುದ್ರ ನೋಡಿದ. “ಆ ಕೋಣ ನಿಂತದ್ದು ನನಗೂ ಒಮ್ಮೆ ತೋರಿಸು” ಎಂದ. ಎರಡು ಸಾವಿರದ ಮಾತು ಮತ್ತೆ ಎತ್ತಲಿಲ್ಲ.

ಅದೇ ಧೈರ್ಯದಲ್ಲಿ ಕಾರ್ಕಳಕ್ಕೆ ಹೋದೆ. ಅಕ್ಕ ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು, ಮಾತಾಡಲಿಲ್ಲ. ಭಾವ ಕನ್ನಡಕ ಹಾಕಿ ಸಾಲು ಸಾಲಾಗಿ ಓದಿದರು. ಮಡಿಸಿ ಕಿಸೆಗೆ ಹಾಕಿಕೊಂಡರು.

“ಐದು ಸಾವಿರದ ಲೆಕ್ಕ ಸಿಕ್ಕಿತು. ಸರಿ ಉಂಟು. ಏಳು ದೀಪಾವಳಿ ನೀನು ಈ ಮನೆಗೆ ಬರ್ಲಿಲ್ಲ. ನಿನ್ನಕ್ಕ ಏಳು ಸಲವೂ ನಿನ್ನ ಪಾಲಿನದ್ದು ತೆಗೆದಿಟ್ಟು ಕಾದಿದ್ದಾಳೆ. ಅದರ ಲೆಕ್ಕ ಯಾವ ಪುಟದಲ್ಲಿ ಬರೆದಿದ್ದಿ?”

ನಾನು ತಲೆ ತಗ್ಗಿಸಿದೆ. ಆ ರಾತ್ರಿ ಅಲ್ಲೇ ಉಳಿದೆ.

ಇನ್ನು ಒಂಬತ್ತು ಜೆರಾಕ್ಸ್ ಉಳಿದಿವೆ, ಒಂಬತ್ತು ಮನೆ. ಬಸ್ಸಿಗೆ ಚಿಲ್ಲರೆ ತೆಗೆದಿಟ್ಟಿದ್ದೇನೆ.